ಕರೆಂಟ್ ಹೋದಾಗ ನಿಂತ 'ಡಿಬ್ಬುಕ್': 1937ರ ಯಿಡ್ಡಿಷ್ ದೆವ್ವದ ಸಿನಿಮಾದ ಉಳಿದರ್ಧ ಕೊನೆಗೂ ನೋಡಿದೆ

ತುಂಗಾತೀರ:

1998ರ ಮಳೆಗಾಲ. ನಾನು ಬೆಂಗಳೂರಿಗೆ ಬಂದು ಆರು ತಿಂಗಳಾಗಿತ್ತು. ನನ್ನ ರೂಮ್‌ಮೇಟ್‌ಗೆ ಸಿನಿಮಾ ಅಂದರೆ ಪ್ರಾಣ. ಒಂದು ಭಾನುವಾರ ಸಂಜೆ "ಬಾರೋ, ಹಳೇ ದೆವ್ವದ ಪಿಕ್ಚರ್ ಹಾಕ್ತಾರಂತೆ" ಅಂತ ಎಳೆದುಕೊಂಡು ಹೋದ. ಸಣ್ಣ ಹಾಲು, ಮಡಚುವ ಕುರ್ಚಿಗಳು, ಹಿಂದೆ ಕಟಕಟ ಅನ್ನುವ ಪ್ರೊಜೆಕ್ಟರ್. ನಾವು ಒಳಗೆ ಹೋಗುವಷ್ಟರಲ್ಲಿ ಟೈಟಲ್ ಮುಗಿದಿತ್ತು. ಭಾಷೆ ಜರ್ಮನ್ ಥರ ಕೇಳಿಸಿತು. ಒಬ್ಬ ಬಡ ಹುಡುಗ, ಒಬ್ಬಳು ಹುಡುಗಿ, ಗಡ್ಡ ಬಿಟ್ಟ ಹಿರಿಯರು, ಮಾತಿಗಿಂತ ಹಾಡು ಜಾಸ್ತಿ.

ಆಮೇಲೆ ಮದುವೆ ದೃಶ್ಯ ಬಂತು. ಶ್ರೀಮಂತನ ಮಗಳ ಮದುವೆ. ಅಂಗಳದಲ್ಲಿ ಭಿಕ್ಷುಕರಿಗೆ ಊಟ. ಅವರ ಜೊತೆ ಮದುಮಗಳು ಕುಣಿಯಬೇಕು, ಅದು ಪದ್ಧತಿ. ಕುಂಟರು, ಗೂನು ಬೆನ್ನಿನವರು, ಮುದುಕಿಯರು ಒಬ್ಬೊಬ್ಬರಾಗಿ ಬಂದು ಬಿಳಿ ಉಡುಪಿನ ಆ ಹುಡುಗಿಯ ಕೈ ಹಿಡಿದು ಗಿರಗಿರ ತಿರುಗಿಸುತ್ತಾರೆ. ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಕೈ. ಅವರ ನಡುವಿನಿಂದ ಒಂದು ಆಕೃತಿ ಬರುತ್ತದೆ. ಬಿಳಿ ಬಟ್ಟೆ ಹೊದ್ದಿದೆ. ಮುಖದ ಜಾಗದಲ್ಲಿ ತಲೆಬುರುಡೆ. ಅವಳು ಹೆದರುವುದಿಲ್ಲ. ಅದರ ಜೊತೆಗೂ ಕುಣಿಯುತ್ತಾಳೆ, ಯಾರೋ ಪರಿಚಯದವರು ಬಂದ ಹಾಗೆ.

ಆಮೇಲೆ ಮದುವೆ ಚಪ್ಪರದ ಕೆಳಗೆ ಹುಡುಗನನ್ನು ದೂಡಿ "ನನ್ನ ವರ ನೀನಲ್ಲ!" ಅಂತ ಕೂಗುತ್ತಾಳೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಮುಕ್ಕಾಲು ಗಂಟೆ ಕಾದೆವು. ಬರಲಿಲ್ಲ. ಮಳೆಯಲ್ಲಿ ನೆನೆದುಕೊಂಡು ರೂಮಿಗೆ ವಾಪಸ್ಸು. ಸಿನಿಮಾದ ಹೆಸರು ಬರೆದಿಟ್ಟುಕೊಳ್ಳಬೇಕು ಅಂತ ಇಬ್ಬರಿಗೂ ತೋಚಲಿಲ್ಲ. ಮರುವರ್ಷ ಅವನು ಕೆಲಸಕ್ಕೆ ಅಂತ ಪುಣೆಗೆ ಹೋದ. ನನ್ನ ತಲೆಯಲ್ಲಿ ಆ ಬುರುಡೆ ಕುಣಿತ ಮಾತ್ರ ಉಳಿಯಿತು. ಎಷ್ಟು ಜನರನ್ನು ಕೇಳಿದ್ದೇನೋ ಲೆಕ್ಕವಿಲ್ಲ. "ಹಳೇ ಜರ್ಮನ್ ಪಿಕ್ಚರ್, ಯಹೂದಿಗಳ ಮದುವೆ, ದೆವ್ವ" ಅಂದರೆ ಎಲ್ಲರೂ 1920ರ 'ಗೋಲೆಮ್' ಹೆಸರು ಹೇಳುತ್ತಿದ್ದರು. ಅದನ್ನೂ ಹುಡುಕಿ ನೋಡಿದೆ. ಪ್ರಾಗ್ ನಗರದ ಯಹೂದಿ ಧರ್ಮಗುರು, ಜೇಡಿಮಣ್ಣಿನ ಮನುಷ್ಯ, ಮೂಕಿ ಚಿತ್ರ. ಒಳ್ಳೇ ಸಿನಿಮಾನೇ. ಆದರೆ ನನ್ನದು ಅದಲ್ಲ.

2021ರಲ್ಲಿ ಹಿಂದಿಯಲ್ಲಿ 'ಡಿಬ್ಬುಕ್' ಅಂತ ಒಂದು ಚಿತ್ರ ಬಂತು. ಬದುಕಿರುವವರ ಮೈ ಸೇರಿಕೊಳ್ಳುವ ಸತ್ತವರ ಜೀವಕ್ಕೆ ಯಹೂದಿಗಳು ಇಟ್ಟ ಹೆಸರು ಅದು. ಈ ಪದ ಏನು ಅಂತ ಹುಡುಕಿದಾಗ ಒಂದು ಕಪ್ಪುಬಿಳುಪು ಫೋಟೋ ಕಂಡಿತು. ಬಿಳಿ ಉಡುಪು, ಬುರುಡೆ. ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಕೆಳಗಿಟ್ಟೆ.

'ದೆರ್ ದಿಬುಕ್', 1937, ಪೋಲೆಂಡ್. ನಿರ್ದೇಶನ ಮಿಹಾವ್ ವಾಶಿನ್‌ಸ್ಕಿ. ಭಾಷೆ ಜರ್ಮನ್ ಅಲ್ಲ, ಯಿಡ್ಡಿಷ್. ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಬುಡ ಜರ್ಮನಿಕ್, ಬರೆಯುವುದು ಹೀಬ್ರೂ ಲಿಪಿಯಲ್ಲಿ. ಬುರುಡೆ ಮುಖದ ಕುಣಿತ ಕುಣಿದಾಕೆ ಜುಡಿತ್ ಬರ್ಗ್, ನೃತ್ಯ ಸಂಯೋಜನೆಯೂ ಆಕೆಯದೇ.

ಆಮೇಲೂ ನೋಡುವುದನ್ನು ಮುಂದೂಡುತ್ತಲೇ ಬಂದೆ. ಇಷ್ಟು ವರ್ಷ ತಲೆಯಲ್ಲಿಟ್ಟುಕೊಂಡದ್ದು ಸಪ್ಪೆ ಅನ್ನಿಸಿಬಿಟ್ಟರೆ ಅನ್ನೋ ಭಯ. ಹೋದ ತಿಂಗಳು ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಾಕಿದೆ. ಎರಡು ಗಂಟೆ ಕೂತಲ್ಲೇ ಕೂತಿದ್ದೆ.

ಕತೆ ಹೇಳಿಬಿಡುತ್ತೇನೆ. ಮೊದಲೇ ಗೊತ್ತಿದ್ದರೆ ರುಚಿ ಕೆಡುವ ಕತೆ ಇದಲ್ಲ. ಸೆಂಡರ್ ಮತ್ತು ನಿಸ್ಸನ್ ಜೀವದ ಗೆಳೆಯರು. ಇಬ್ಬರ ಹೆಂಡತಿಯರೂ ಬಸುರಿಯರು. ಒಬ್ಬರಿಗೆ ಗಂಡು, ಇನ್ನೊಬ್ಬರಿಗೆ ಹೆಣ್ಣು ಹುಟ್ಟಿದರೆ ಮದುವೆ ಮಾಡೋಣ ಅಂತ ಭಾಷೆ ಕೊಟ್ಟುಕೊಳ್ಳುತ್ತಾರೆ. ಊರೂರು ಅಲೆಯುವ ಒಬ್ಬ ವಿಚಿತ್ರ ಮನುಷ್ಯ, ಅವನ ಹೆಸರೇ 'ದೂತ', ಇನ್ನೂ ಹುಟ್ಟದ ಜೀವಗಳ ಮೇಲೆ ಮಾತು ಕೊಡಬೇಡಿ ಅಂತ ಎಚ್ಚರಿಸುತ್ತಾನೆ. ಇವರು ಕೇಳುವುದಿಲ್ಲ. ಮಗ ಹುಟ್ಟುವ ಹೊತ್ತಿಗೆ ನಿಸ್ಸನ್ ನೀರುಪಾಲಾಗುತ್ತಾನೆ. ಸೆಂಡರನ ಹೆಂಡತಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಸೆಂಡರ್ ಶ್ರೀಮಂತನಾಗುತ್ತಾನೆ. ಭಾಷೆ ಮರೆಯುತ್ತದೆ.

ವರ್ಷಗಳ ಮೇಲೆ ನಿಸ್ಸನ್‌ನ ಮಗ ಖೋನೆನ್ ಓದಲು ಆ ಊರಿಗೇ ಬರುತ್ತಾನೆ. ಬಡ ವಿದ್ಯಾರ್ಥಿ. ನಮ್ಮಲ್ಲಿ ವಾರಾನ್ನ ಇತ್ತಲ್ಲ, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ, ಅದೇ ಪದ್ಧತಿ ಅವರಲ್ಲೂ ಇತ್ತು. ಸೆಂಡರನ ಮನೆಯಲ್ಲೂ ಅವನಿಗೆ ಊಟ. ಸೆಂಡರನ ಮಗಳು ಲೇಯಾಗೂ ಇವನಿಗೂ ಪ್ರೀತಿ ಹುಟ್ಟುತ್ತದೆ. ಬಡಿಸಿದ ಮನೆಯವನು "ನೀನು ಯಾರ ಮಗನಪ್ಪಾ?" ಅಂತ ಹೊತ್ತಿಗೆ ಸರಿಯಾಗಿ ಒಂದು ಮಾತು ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮಗಳನ್ನು ಸಾಹುಕಾರನ ಮಗನಿಗೆ ಗೊತ್ತು ಮಾಡುತ್ತಾನೆ. ಖೋನೆನ್ ಉಪವಾಸ ಬಿದ್ದು, ಕಬ್ಬಾಲಾ ಅನ್ನುವ ಗುಹ್ಯವಿದ್ಯೆಯಲ್ಲಿ ಮುಳುಗಿ, ಕೊನೆಗೆ ಸೈತಾನನನ್ನೇ ಕರೆದು ಸಾಯುತ್ತಾನೆ. ಮದುವೆ ದಿನ ಲೇಯಾ ಸ್ಮಶಾನಕ್ಕೆ ಹೋಗಿ ಅವನ ಸಮಾಧಿಯನ್ನೂ ಮದುವೆಗೆ ಕರೆಯುತ್ತಾಳೆ. ಅವನು ಬರುತ್ತಾನೆ. ಅವಳೊಳಗೇ ಬರುತ್ತಾನೆ.

ಎಲ್ಲರೂ ಇದನ್ನು ಹಾರರ್ ಅನ್ನುತ್ತಾರೆ. ನನಗೂ ಮೈ ಜುಮ್ಮೆಂದಿತು. ಆದರೆ ನನ್ನನ್ನು ಹೆದರಿಸಿದ್ದು ಖೋನೆನ್ ಅಲ್ಲ, ಸೆಂಡರ್. ಅವನು ಕೆಟ್ಟವನಲ್ಲ. ಮಗಳೆಂದರೆ ಪ್ರಾಣ, ದಾನ ಮಾಡುತ್ತಾನೆ, ದೇವರಿಗೆ ಹೆದರುತ್ತಾನೆ. ಒಂದು ಮಾತು ಕೊಟ್ಟಿದ್ದ, ಅದು ಅವನಿಗೆ ಅನುಕೂಲವಾಗಿ ಮರೆತುಹೋಯಿತು. ಅಷ್ಟೇ ಅವನ ತಪ್ಪು. ಅಷ್ಟಕ್ಕೆ ಮೂರು ಜೀವ ಸುಟ್ಟುಹೋಗುತ್ತವೆ.

ಇದನ್ನು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಮಾತಾಡಬೇಕು ಅನ್ನಿಸುತ್ತಿದೆ.

ರಾತ್ರಿಪಾಳಿ:

ಮಲಯಾಳಂ 'ಎಜ್ರಾ' ನೋಡಿದ್ದೇನೆ ಸರ್, 2017ರದ್ದು. ನೀವು ಹೇಳಿದ ಹಿಂದಿ ಚಿತ್ರ ಅದರದ್ದೇ ರೀಮೇಕ್. ಅದರಲ್ಲಿ ಪೆಟ್ಟಿಗೆ ತೆಗೆದರೆ ಡಿಬ್ಬುಕ್ ಹೊರಗೆ ಬರುತ್ತದೆ. ಈ ಹಳೆಯದರಲ್ಲಿ ಪೆಟ್ಟಿಗೆ ಇಲ್ವಾ?

ತುಂಗಾತೀರ:

ಇಲ್ಲ. ಆ ಪೆಟ್ಟಿಗೆ ಜನಪದದ್ದೇ ಅಲ್ಲ. 2003ರಲ್ಲಿ ಅಮೆರಿಕದಲ್ಲಿ ಒಬ್ಬರು ವೈನ್ ಇಡುವ ಹಳೇ ಬೀರುವನ್ನು ಇಬೇಯಲ್ಲಿ ಮಾರಾಟಕ್ಕಿಟ್ಟು, ಇದರೊಳಗೆ ಡಿಬ್ಬುಕ್ ಇದೆ ಅಂತ ಕತೆ ಬರೆದರು. ಅಲ್ಲಿಂದ ಹಬ್ಬಿದ್ದು. ಅದು ತಾವೇ ಕಟ್ಟಿದ ಕತೆ ಅಂತ 2021ರಲ್ಲಿ ಅವರೇ ಒಪ್ಪಿಕೊಂಡರು. ಹಳೇ ಕತೆಗಳಲ್ಲಿ ಡಿಬ್ಬುಕ್ ಸೇರಿಕೊಳ್ಳುವುದು ಮನುಷ್ಯರನ್ನು. ಸಾಮಾನು ಸರಂಜಾಮಿಗೆ ಅದು ಯಾಕೆ ಹೋಗುತ್ತೆ? ಅದಕ್ಕೆ ಬೇಕಾದದ್ದು ಮಾತಾಡಲು ಒಂದು ಬಾಯಿ.

ಪದಬೇರು:

ಆ ಕೊನೇ ಸಾಲಿಗೆ ಒಂದು ಮಾತು ಸೇರಿಸುತ್ತೇನೆ. 'ಡಿಬ್ಬುಕ್' ಹುಟ್ಟಿದ್ದು 'ಅಂಟಿಕೊಳ್ಳು' ಅನ್ನುವ ಹೀಬ್ರೂ ಧಾತುವಿನಿಂದ. ಈಗಿನ ಹೀಬ್ರೂದಲ್ಲಿ ಗೋಂದಿಗೆ 'ದೆವೆಕ್' ಅನ್ನುತ್ತಾರೆ, ಅದೂ ಅದೇ ಬೇರು. ನಾವು "ಅವಳಿಗೆ ಮೆಟ್ಟಿಕೊಂಡಿದೆ", "ಹಿಡಿದುಕೊಂಡಿದೆ" ಅನ್ನುತ್ತೀವಲ್ಲ, ಅಲ್ಲೂ ಹೆಸರಿಗಿಂತ ಕ್ರಿಯೆಯೇ ಮುಂದು.

ನನಗೆ ರೋಮಾಂಚನ ಆದದ್ದು ಇನ್ನೊಂದು ಪದದಿಂದ. ಯಹೂದಿಗಳ ಭಕ್ತಿಪಂಥವಾದ ಹಸಿದ್ ಪಂಥದವರಲ್ಲಿ ದೇವರಲ್ಲಿ ಮನಸ್ಸು ಪೂರ್ತಿ ಲೀನವಾಗುವ ಸ್ಥಿತಿಗೆ 'ದೆವೆಕುತ್' ಅನ್ನುತ್ತಾರೆ. ಸಾಧಕ ಮುಟ್ಟಬಹುದಾದ ಅತಿ ಎತ್ತರದ ಸ್ಥಿತಿ ಅದು. ಅದೂ ಇದೇ ಧಾತು! ದೇವರಿಗೆ ಅಂಟಿಕೊಂಡರೂ ಅದೇ ಮಾತು, ಸತ್ತವನು ಬಂದು ಅಂಟಿಕೊಂಡರೂ ಅದೇ ಮಾತು. ಖೋನೆನ್ ಈ ಎರಡರ ನಡುವೆ ಜಾರಿದವನು. ಅವನು ಲೇಯಾಗೆ ಹಾಡುವುದು ಸೊಲೊಮೋನನ ಪರಮಗೀತೆ. ಅದನ್ನು ಪ್ರೇಮದ ಹಾಡು ಅಂತಲೂ ಓದುತ್ತಾರೆ, ದೇವರ ಮೇಲಿನ ಹಾಡು ಅಂತಲೂ ಓದುತ್ತಾರೆ. ಅವನಿಗೆ ಎರಡೂ ಒಂದೇ ಆಗಿಬಿಟ್ಟಿದ್ದವು.

ಇಂಥ ಕತೆಗಳು ಜೋರಾಗಿ ಹಬ್ಬಿದ್ದು 16ನೇ ಶತಮಾನದಲ್ಲಿ, ಈಗಿನ ಇಸ್ರೇಲಿನಲ್ಲಿರುವ ಸಫೇದ್ ಊರಿನ ಕಬ್ಬಾಲಾ ಪಂಡಿತರ ಕಾಲದಲ್ಲಿ. ಐಸಾಕ್ ಲೂರಿಯಾ ಮತ್ತು ಅವರ ಶಿಷ್ಯ ಹಯೀಮ್ ವಿಟಾಲ್ ಅವರ ಸುತ್ತ ಸಾಕಷ್ಟು ಇವೆ. ಜೀವಕ್ಕೆ ಮರುಹುಟ್ಟು ಇದೆ ಅಂತ ಅವರು ನಂಬಿದ್ದರು. ಮರುಹುಟ್ಟಿಗೂ ದಾರಿ ಸಿಗದ ಜೀವ ಯಾರದೋ ಮೈಯಲ್ಲಿ ಆಸರೆ ಹುಡುಕುತ್ತದೆ ಅನ್ನುವುದು ಅಲ್ಲಿಂದ ಬಂದದ್ದು.

ಬೈಂದೂರು ಹುಡುಗಿ:

ಓದ್ತಾ ಓದ್ತಾ ಮೈ ನವಿರೆದ್ದಿತು. ದಕ್ಷಿಣ ಕನ್ನಡದಲ್ಲಿ ನನ್ನ ಅಮ್ಮನ ಕಡೆಯವರಲ್ಲಿ ಪ್ರೇತ ಮದುವೆ ಇದೆ. ತುಳುವಿನಲ್ಲಿ ಕುಲೆ ಮದಿಮೆ ಅಂತಾರೆ. ಮದುವೆ ಆಗದೆ ಸತ್ತ ಹುಡುಗನಿಗೆ ಅದೇ ಥರ ಸತ್ತ ಹುಡುಗಿಯನ್ನು ಹುಡುಕಿ, ಆಟಿ ತಿಂಗಳಲ್ಲಿ ಎರಡೂ ಮನೆಯವರು ಕೂತು ಮದುವೆ ಮಾಡುತ್ತಾರೆ. ಸೀರೆ, ಧಾರೆ, ಊಟ ಎಲ್ಲಾ ಇರುತ್ತೆ. ಚಿಕ್ಕವಳಿದ್ದಾಗ ಒಂದು ನೋಡಿದ್ದೆ. ಖಾಲಿ ಮಣೆ ಮೇಲೆ ಇಟ್ಟ ಸೀರೆಯನ್ನು ಅತ್ತೆ ನೇವರಿಸುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಯಾರಿಗೂ ಹೆದರಿಕೆ ಇರಲಿಲ್ಲ, ಸಂಕಟ ಇತ್ತು.

ಲೇಯಾ ಸಮಾಧಿಗೆ ಹೋಗಿ ಕರೆಯುತ್ತಾಳೆ ಅಂದಿರಲ್ಲ, ಅದು ಅವಳೇ ಮಾಡಿದ್ದಾ, ಇಲ್ಲ ಅವರಲ್ಲಿ ಪದ್ಧತಿ ಇತ್ತಾ?

ತುಂಗಾತೀರ:

ಪದ್ಧತಿಯೇ ಮೇಡಂ. ಮದುವೆಗೆ ಮುಂಚೆ ತೀರಿಹೋದ ಅಪ್ಪ ಅಮ್ಮನ ಸಮಾಧಿಗೆ ಹೋಗಿ ಕರೆಯುತ್ತಿದ್ದರು. ಲೇಯಾ ಹೋಗುವುದೂ ಅವಳ ತಾಯಿಯನ್ನು ಕರೆಯಲು. ಖೋನೆನ್‌ನನ್ನು ಕರೆದದ್ದು ಮಾತ್ರ ಅವಳ ಸ್ವಂತ ನಿರ್ಧಾರ. ಅದಕ್ಕೇ ನನಗೆ ಅವಳು ಬಲಿಪಶು ಅನ್ನಿಸುವುದಿಲ್ಲ. ಇಡೀ ಊರಿನಲ್ಲಿ ಅಪ್ಪಂದಿರು ಕೊಟ್ಟುಕೊಂಡ ಆ ಹಳೇ ಭಾಷೆಯನ್ನು ಉಳಿಸಿಕೊಂಡವಳು ಅವಳೊಬ್ಬಳೇ, ಅದು ಇದೆ ಅಂತ ಗೊತ್ತಿಲ್ಲದೆಯೇ.

ಊರ ನಡುವೆ ಒಂದು ಜೋಡಿ ಸಮಾಧಿ ಬೇರೆ ಇದೆ. 1648ರಲ್ಲಿ ಖ್ಮೆಲ್ನಿಟ್ಸ್ಕಿ ಅನ್ನುವವನ ನಾಯಕತ್ವದ ಕೊಸಾಕರ ದಂಗೆಯಲ್ಲಿ ಮದುವೆ ಚಪ್ಪರದ ಕೆಳಗೇ ಕೊಂದ ಗಂಡು ಹೆಣ್ಣಿನದ್ದು. ಪ್ರತಿ ಮದುವೆ ಮುಗಿದ ಮೇಲೂ ಜನ ಅದರ ಸುತ್ತ ಕುಣಿಯುತ್ತಾರೆ, ಸತ್ತ ಆ ಜೋಡಿಗೆ ಸಂತೋಷ ಆಗಲಿ ಅಂತ. ಉಕ್ರೇನಿನ ಊರುಗಳಲ್ಲಿ ಇಂಥ ಸಮಾಧಿಗಳ ಕತೆ ನಿಜಕ್ಕೂ ಇದ್ದವು.

ಇದನ್ನೆಲ್ಲ ಸಂಗ್ರಹಿಸಿದ್ದು ಮೂಲ ನಾಟಕ ಬರೆದ ಎಸ್. ಆನ್‌ಸ್ಕಿ. ಅವರ ನಿಜವಾದ ಹೆಸರು ಶ್ಲೋಯ್ಮೆ ರಾಪೊಪೋರ್ಟ್. 1912ರಿಂದ 1914ರವರೆಗೆ ಈಗಿನ ಉಕ್ರೇನಿನ ಕಡೆಯ ವೊಲ್ಹಿನಿಯಾ, ಪೊಡೋಲಿಯಾ ಪ್ರಾಂತ್ಯಗಳ ಹಳ್ಳಿ ಪೇಟೆ ಸುತ್ತಿದರು. ಜೊತೆಗೆ ಸಂಗೀತಗಾರ ಯೋಯೆಲ್ ಎಂಗೆಲ್, ಫೋಟೋ ತೆಗೆಯಲು ಸೊಲೊಮನ್ ಯುಡೋವಿನ್. ಹಾಡುಗಳನ್ನು ಮೇಣದ ಸಿಲಿಂಡರ್ ಮೇಲೆ ರೆಕಾರ್ಡ್ ಮಾಡಿಕೊಂಡರು. ಜನರನ್ನು ಕೇಳಲು ಒಂದು ಪ್ರಶ್ನಾವಳಿ ತಯಾರಾಯಿತು, ಅದರಲ್ಲಿ 2,087 ಪ್ರಶ್ನೆ! ಬಸುರಿ ಏನು ತಿನ್ನಬಾರದು ಅನ್ನುವಂಥದ್ದರಿಂದ ಹಿಡಿದು ಸತ್ತ ಮೇಲೆ ಜೀವ ಎಲ್ಲಿಗೆ ಹೋಗುತ್ತೆ ಅನ್ನುವವರೆಗೆ. ಮೊದಲ ಮಹಾಯುದ್ಧ ಶುರುವಾಗಿ ತಿರುಗಾಟ ನಿಂತಿತು. ನಾಟಕ ಆ ಚೀಲದಿಂದ ಹುಟ್ಟಿದ್ದು.

ಅವರು ಅದನ್ನು ರಂಗದ ಮೇಲೆ ನೋಡಲಿಲ್ಲ. 1920ರ ನವೆಂಬರ್‌ನಲ್ಲಿ ತೀರಿಕೊಂಡರು. ಮೂವತ್ತು ದಿನದ ಸೂತಕ ಮುಗಿಯುವ ಹೊತ್ತಿಗೆ, ಡಿಸೆಂಬರ್ 9ಕ್ಕೆ, ವಿಲ್ನಾ ನಾಟಕ ತಂಡದವರು ವಾರ್ಸಾದಲ್ಲಿ ಮೊದಲ ಪ್ರದರ್ಶನ ಕೊಟ್ಟರು.

ಸಂಜೆ ಶೋ:

ನಾನು ನೋಡಿದ್ದೇನೆ. ನಿಮ್ಮಷ್ಟು ಇಷ್ಟ ಆಗಲಿಲ್ಲ, ಕ್ಷಮಿಸಿ. ತುಂಬಾ ನಿಧಾನ. ಕೊನೆಯಲ್ಲಿ ಡಿಬ್ಬುಕ್ ಬಿಡಿಸಲು ಬರುವ ಮಿರೋಪೋಲ್ ಊರಿನ ಗುರು ಮಾತಾಡುವಾಗ ಒಂದೊಂದು ಪದಕ್ಕೂ ಉಸಿರು ಎಳೆಯುತ್ತಾರೆ. ಸಿನಿಮಾ ನಟನೆ ಅಲ್ಲ ಅದು, ನಾಟಕದ ನಟನೆ. ಮೊದಲ ಅರ್ಧ ಗಂಟೆಯಲ್ಲಿ ಎರಡು ಸಲ ಎದ್ದು ಹೋದೆ. ಕುಣಿತದ ದೃಶ್ಯ ಮಾತ್ರ ಅದ್ಭುತ, ಅದನ್ನು ಒಪ್ಪುತ್ತೇನೆ.

ತುಂಗಾತೀರ:

ನಿಧಾನ ಹೌದು, ಅದರಲ್ಲಿ ಎರಡು ಮಾತಿಲ್ಲ. ಒಂದು ವಿಷಯ ಹೇಳಲಾ? ಆ ಗುರುವಿನ ಪಾತ್ರ ಮಾಡಿದವರು ಅಬ್ರಹಾಂ ಮೊರೆವ್‌ಸ್ಕಿ. 1920ರ ಮೊದಲ ಪ್ರದರ್ಶನದಲ್ಲೂ ಅದೇ ಪಾತ್ರ ಮಾಡಿದವರು ಅವರೇ. ಹದಿನೇಳು ವರ್ಷದ ಮೇಲೆ ಕ್ಯಾಮೆರಾ ಮುಂದೆ ನಿಂತರು. ಆ ಎಳೆದ ಉಸಿರಿನಲ್ಲಿ ನಮಗೆ ಕೇಳುವುದು ಒಂದು ರಂಗಪರಂಪರೆ. ಬೇರೆಲ್ಲೂ ಅದು ಹೀಗೆ ಉಳಿದಿಲ್ಲ.

ಇನ್ನೊಂದು ಸಲ ನೋಡುವುದಾದರೆ ಗುರುವಿನ ಕೈ ಗಮನಿಸಿ. ಅವರು ಮುದುಕರು, ದಣಿದಿದ್ದಾರೆ. ತಮ್ಮ ಶಕ್ತಿಯ ಮೇಲೆ ಅವರಿಗೇ ನಂಬಿಕೆ ಇಲ್ಲ. ಜನ ಮಾತ್ರ ನಂಬಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ದೆವ್ವ ಬಿಡಿಸುವವನೇ ನಡುಗುವ ಇಂಥ ಪಾತ್ರವನ್ನು ಆಮೇಲಿನ ಎಷ್ಟು ಹಾರರ್ ಚಿತ್ರಗಳಲ್ಲಿ ನೋಡಿದ್ದೀರಿ?

ಕರಿಕೋಟು:

ನಾನು ಕೋರ್ಟಿನಲ್ಲಿ ಕೆಲಸ ಮಾಡುವವಳು. ಬೇರೆಯವರಿಗೆ ಕುಣಿತ ಇಷ್ಟವಾದರೆ ನನಗೆ ಇಷ್ಟವಾದದ್ದು ವಿಚಾರಣೆ. ನಾಟಕವನ್ನು ಇಂಗ್ಲಿಷ್ ಅನುವಾದದಲ್ಲಿ ಮೂರು ಸಲ ಓದಿದ್ದೇನೆ. ಅದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ!

ಡಿಬ್ಬುಕ್ ಬಿಡಿಸಲು ಲೇಯಾಳನ್ನು ಗುರುವಿನ ಹತ್ತಿರ ಕರೆತರುತ್ತಾರೆ. ಅಷ್ಟರಲ್ಲಿ ಸತ್ತ ನಿಸ್ಸನ್ ಕನಸಿನಲ್ಲಿ ಬಂದು ಸೆಂಡರನ ಮೇಲೆ ದಾವೆ ಹೂಡಬೇಕು ಅನ್ನುತ್ತಾನೆ. ಗುರು ಅದನ್ನು ತಳ್ಳಿಹಾಕುವುದಿಲ್ಲ. ಸ್ಮಶಾನಕ್ಕೆ ಆಳು ಕಳಿಸಿ ಸತ್ತವನಿಗೆ ಸಮನ್ಸ್ ಕೊಡಿಸುತ್ತಾರೆ. ಒಂದು ಮೂಲೆಯಲ್ಲಿ ಪರದೆ ಕಟ್ಟಿಸುತ್ತಾರೆ, ಅದರಾಚೆ ಸತ್ತವನ ಜಾಗ. ಈಚೆ ಬದುಕಿರುವ ಸೆಂಡರ್. ಧರ್ಮಶಾಸ್ತ್ರ ತಿಳಿದವರು ನ್ಯಾಯಾಧೀಶರು. ಸತ್ತವನ ವಾದವನ್ನು ಪೂರ್ತಿ ಕೇಳುತ್ತಾರೆ. ತನ್ನ ಮಗ ಸತ್ತದ್ದರಿಂದ ಈ ಲೋಕದಲ್ಲೂ ಆ ಲೋಕದಲ್ಲೂ ತನ್ನ ಹೆಸರು ಹೇಳುವವರು ಇಲ್ಲ, ತನಗಾಗಿ ಪ್ರಾರ್ಥನೆ ಹೇಳುವ ಮಗ ಇಲ್ಲ, ವಂಶ ಕಡಿದುಹೋಯಿತು. ಇದು ಅವನ ದೂರು.

ತೀರ್ಪು ನೋಡಿ. ಇನ್ನೂ ಅಸ್ತಿತ್ವಕ್ಕೆ ಬಾರದ ವಸ್ತುವಿನ ಮೇಲೆ ಮಾಡಿಕೊಂಡ ಕರಾರು ಶಾಸ್ತ್ರದ ಪ್ರಕಾರ ನಿಲ್ಲುವುದಿಲ್ಲ. ಭಾಷೆ ಕೊಟ್ಟಾಗ ಹೆಂಡತಿಯರು ಬಸುರಿಯರಾಗಿದ್ದರೋ ಇಲ್ಲವೋ ಅನ್ನುವುದು ಅವರಿಗೆ ಖಚಿತವಿಲ್ಲ. ಹಾಗಾಗಿ ಸೆಂಡರನನ್ನು ಕಟ್ಟಿಹಾಕುವಂತಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಅದು ತಾಂತ್ರಿಕ ಕಾರಣಕ್ಕೆ ಖುಲಾಸೆ. ಆದರೆ ಆ ಭಾಷೆ ಮೇಲಿನ ಲೋಕದಲ್ಲಿ ಅಂಗೀಕಾರವಾಗಿದೆ ಅನ್ನುವುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸೆಂಡರ್ ಆಸ್ತಿಯ ಅರ್ಧ ಬಡವರಿಗೆ ಕೊಡಬೇಕು. ಬದುಕಿರುವಷ್ಟು ಕಾಲ ಪ್ರತಿ ವರ್ಷ ನಿಸ್ಸನ್‌ಗೂ ಅವನ ಮಗನಿಗೂ ದೀಪ ಹಚ್ಚಿ ಪ್ರಾರ್ಥನೆ ಹೇಳಬೇಕು, ಸ್ವಂತ ಬಂಧುಗಳಿಗೆ ಹೇಳುವ ಹಾಗೆ.

ದೆವ್ವದ ಕತೆಯಲ್ಲಿ ಸತ್ತವರ ವಾದಕ್ಕೆ ಇಷ್ಟು ಗೌರವ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಸತ್ತವನು ಬೆದರಿಸುವುದಿಲ್ಲ, ಅರ್ಜಿ ಹಾಕುತ್ತಾನೆ. 1926ರಲ್ಲಿ ತೆಲ್ ಅವೀವ್‌ನಲ್ಲಿ ಈ ನಾಟಕದ ಮೇಲೇ ಒಂದು ಸಾರ್ವಜನಿಕ 'ವಿಚಾರಣೆ' ನಡೆಯಿತು, ಪರ ವಿರೋಧ ವಾದ ಎಲ್ಲ ಇಟ್ಟುಕೊಂಡು.

ರಾತ್ರಿಪಾಳಿ:

ಮೇಡಂ, ಇಷ್ಟೆಲ್ಲ ತೀರ್ಪು ಆದಮೇಲೂ ಡಿಬ್ಬುಕ್ ಬಿಡಲ್ವಾ?

ಕರಿಕೋಟು:

ಬಿಡಲ್ಲ. ಆಮೇಲೆ ಬಹಿಷ್ಕಾರ ಹಾಕುತ್ತಾರೆ. ಕರಿ ಮೇಣದ ಬತ್ತಿ, ಏಳು ಧರ್ಮಗ್ರಂಥದ ಸುರುಳಿ, ಏಳು ಟಗರು ಕೊಂಬಿನ ಕಹಳೆ. ಕೊನೆಗೆ ಖೋನೆನ್ ದಣಿದು ಹೊರಗೆ ಬರುತ್ತಾನೆ. ಅವನು ಮತ್ತೆ ಸೇರದ ಹಾಗೆ ಗುರು ಕೋಲಿನಿಂದ ಲೇಯಾಳ ಸುತ್ತ ಗೆರೆ ಎಳೆಯುತ್ತಾರೆ. ಮದುಮಗನನ್ನು ಕರೆತರಲು ಎಲ್ಲರೂ ಹೊರಗೆ ಹೋದಾಗ ಅವಳು ಗೆರೆಯೊಳಗೆ ಒಬ್ಬಳೇ ಕೂತಿರುತ್ತಾಳೆ. ಖೋನೆನ್‌ನ ದನಿ ಕೇಳುತ್ತದೆ. ಗೆರೆ ಅವನನ್ನು ಒಳಗೆ ಬಿಡುವುದಿಲ್ಲ. ಆದರೆ ಅವಳು ದಾಟಿ ಹೊರಗೆ ಹೋಗುವುದಕ್ಕೆ ಅಡ್ಡಿ ಇಲ್ಲ. ಅವಳು ದಾಟುತ್ತಾಳೆ.

ವಿಸ್ತುಲಾ ದಂಡೆ:

ನಮಸ್ಕಾರ. ನಾನು ಹಾಸನದ ಕಡೆಯವನು, ಆರು ವರ್ಷದಿಂದ ವಾರ್ಸಾದಲ್ಲಿದ್ದೇನೆ. ಈ ಚಿತ್ರದ ಹೊರಾಂಗಣ ತೆಗೆದ ಊರು ಕಾಜಿಮ್ಯೆಷ್ ದೋಲ್ನಿ. ವಿಸ್ತುಲಾ ನದಿ ದಂಡೆ ಮೇಲಿದೆ. ಇಲ್ಲಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ ದಾರಿ. ಆಗ ಯಿಡ್ಡಿಷ್ ಸಿನಿಮಾದವರಿಗೆ ಇಷ್ಟದ ಊರು ಅದು. 1936ರ 'ಯಿಡ್ಲ್ ಮಿತ್ನ್ ಫಿಡ್ಲ್' ಕೂಡ ಅಲ್ಲೇ ತೆಗೆದದ್ದು. ಈಗ ವಾರಾಂತ್ಯಕ್ಕೆ ವಾರ್ಸಾದ ಜನ ಐಸ್‌ಕ್ರೀಂ ತಿನ್ನಲು, ಚಿತ್ರಕಲೆ ನೋಡಲು ಹೋಗುತ್ತಾರೆ. ಹುಂಜದ ಆಕಾರದ ಬ್ರೆಡ್ ಅಲ್ಲಿ ಹೆಸರುವಾಸಿ.

ಸಣ್ಣ ಪೇಟೆ ಚೌಕದಲ್ಲಿ ಹಳೇ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಇದೆ. ಯುದ್ಧದಲ್ಲಿ ಹಾಳಾಗಿತ್ತು. 1953ರಲ್ಲಿ ಅದನ್ನು ಮತ್ತೆ ಕಟ್ಟಿದಾಗ ಸಿನಿಮಾ ಟಾಕೀಸ್ ಮಾಡಿದರು. ಪ್ರಾರ್ಥನೆ ಮಾಡುವವರು ಯಾರೂ ಉಳಿದಿರಲಿಲ್ಲ. ಆ ಬಾಗಿಲ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ಊರಾಚೆ ಗುಡ್ಡದ ಬುಡದಲ್ಲಿ ಯಹೂದಿ ಸ್ಮಶಾನ. ಅಲ್ಲಿನ ಸಮಾಧಿ ಕಲ್ಲುಗಳನ್ನು ನಾಜಿಗಳು ಕಿತ್ತು ಅಂಗಳಕ್ಕೆ ಹಾಸಿದ್ದರು. 1984ರಲ್ಲಿ ಆ ಮುರಿದ ಕಲ್ಲುಗಳನ್ನೇ ಜೋಡಿಸಿ ಒಂದು ಎತ್ತರದ ಗೋಡೆ ಕಟ್ಟಿದ್ದಾರೆ. ನಡುವೆ ಮೇಲಿಂದ ಕೆಳಗಿನವರೆಗೆ ಸೀಳಿದ ಹಾಗೆ ಒಂದು ಬಿರುಕು ಬಿಟ್ಟಿದ್ದಾರೆ. ಅದರೊಳಗಿಂದ ನಡೆದು ಹಿಂದೆ ಹೋದರೆ ಕಾಡು, ಮರದ ನಡುವೆ ಅಲ್ಲೊಂದು ಇಲ್ಲೊಂದು ಕಲ್ಲು. ಕೆಲವು ಕಲ್ಲಿನ ಮೇಲೆ ಎರಡು ಕೈ ಕೆತ್ತಿದ್ದಾರೆ, ಆಶೀರ್ವಾದ ಮಾಡುವ ಹಾಗೆ. ಕೆಲವು ಕಲ್ಲಿನ ಮೇಲೆ ಮುರಿದ ಮೇಣದ ಬತ್ತಿ. ನಾನು ಹೋದಾಗ ನವೆಂಬರ್, ಎಲೆ ಉದುರಿತ್ತು. ಒಂದು ಕಲ್ಲಿನ ಮೇಲೆ ಯಾರೋ ಸಣ್ಣ ಬೆಣಚುಕಲ್ಲು ಇಟ್ಟು ಹೋಗಿದ್ದರು. ನಾನೂ ಒಂದು ಇಟ್ಟು ಬಂದೆ.

ಬೈಂದೂರು ಹುಡುಗಿ:

ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ನಟಿಸಿದವರು ಏನಾದರು? 1937 ಅಂದರೆ ಯುದ್ಧಕ್ಕೆ ಎರಡೇ ವರ್ಷ.

ತುಂಗಾತೀರ:

ನೋಡುವಾಗ ನನಗೂ ಅದೇ ಯೋಚನೆ. ಯಾವ ಮುಖ ಬಂದರೂ ಇವರು ಉಳಿದರಾ ಅಂತ. ಹುಡುಕಿ ತಿಳಿದದ್ದನ್ನು ಹೇಳುತ್ತೇನೆ.

ಲೇಯಾ ಪಾತ್ರದ ಲಿಲಿ ಲಿಲಿಯಾನಾ, ಖೋನೆನ್ ಪಾತ್ರದ ಲಿಯಾನ್ ಲೀಬ್‌ಗೋಲ್ಡ್ ನಿಜ ಜೀವನದಲ್ಲಿ ಗಂಡ ಹೆಂಡತಿ ಆದರು. ಯುದ್ಧ ಶುರುವಾದಾಗ ಅಮೆರಿಕದಲ್ಲಿದ್ದರು, ಅಲ್ಲೇ ಉಳಿದರು. ಸಿನಿಮಾದಲ್ಲಿ ಸೇರಲಾಗದ ಆ ಇಬ್ಬರು ಮುದುಕರಾಗುವವರೆಗೆ ಜೊತೆಗೇ ಬಾಳಿದರು. ಜುಡಿತ್ ಬರ್ಗ್ ಸೋವಿಯತ್ ಒಕ್ಕೂಟಕ್ಕೆ ತಪ್ಪಿಸಿಕೊಂಡು ಹೋಗಿ ಬದುಕಿದರು. ಮೊರೆವ್‌ಸ್ಕಿ ಕೂಡ ಬದುಕುಳಿದು ಪೋಲೆಂಡಿಗೆ ಮರಳಿದರು.

'ದೂತ'ನ ಪಾತ್ರ ಮಾಡಿದ ಐಸಾಕ್ ಸಾಂಬೆರ್ಗ್ 1943ರಲ್ಲಿ ನಾಜಿಗಳ ಪೊನ್ಯಾತೊವಾ ಶಿಬಿರದಲ್ಲಿ ಕೊಲೆಯಾದರು. ಚಿತ್ರಕತೆ ಬರೆದವರಲ್ಲಿ ಒಬ್ಬರಾದ ಆಲ್ಟರ್ ಕಾಟ್ಸಿಜ್ನೆ ದೊಡ್ಡ ಫೋಟೋಗ್ರಾಫರ್ ಕೂಡ. 1941ರ ಜುಲೈಯಲ್ಲಿ ತರ್ನೋಪೋಲ್‌ನಲ್ಲಿ ಅವರನ್ನು ಹೊಡೆದು ಕೊಂದರು. ಚಿತ್ರದಲ್ಲಿ ಪ್ರಾರ್ಥನೆ ಹಾಡುವ ಗಾಯಕ ಗೆರ್ಶೋನ್ ಸಿರೋಟಾ ಯುರೋಪಿನಲ್ಲೆಲ್ಲ ಹೆಸರಾದವರು. ಅವರು 1943ರಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೊದಲ್ಲಿ ಸತ್ತರು. ಆಗಿನ ಪೋಲೆಂಡಿನಲ್ಲಿ ಯಹೂದಿಗಳು ಸುಮಾರು 33 ಲಕ್ಷ. ಅವರಲ್ಲಿ ಸುಮಾರು 30 ಲಕ್ಷ ಜನರನ್ನು ಕೊಂದರು. ಭಿಕ್ಷುಕರ ಕುಣಿತದ ಗುಂಪಿನಲ್ಲಿ ಹಿಂದೆ ನಿಂತವರ ಹೆಸರು ನನಗೆ ಎಲ್ಲೂ ಸಿಗಲಿಲ್ಲ.

ವಿಸ್ತುಲಾ ದಂಡೆ:

ನಿರ್ದೇಶಕರ ಬಗ್ಗೆ ಒಂದು ಮಾತು. ವಾಶಿನ್‌ಸ್ಕಿ ಹುಟ್ಟಿದಾಗ ಅವರ ಹೆಸರು ಮೋಶೆ ವಾಕ್ಸ್. ಊರು ಕೋವೆಲ್, ಅದೂ ವೊಲ್ಹಿನಿಯಾ. ಆನ್‌ಸ್ಕಿ ಕತೆ ಹುಡುಕಿಕೊಂಡು ಅಲೆದ ಅದೇ ಪ್ರಾಂತ್ಯ. ಮುಂದೆ ಹೆಸರು ಬದಲಿಸಿಕೊಂಡರು, ಕ್ಯಾಥೊಲಿಕ್ ಆದರು. 1930ರ ದಶಕದಲ್ಲಿ ಪೋಲಿಷ್ ಭಾಷೆಯಲ್ಲಿ ಒಂದರ ಹಿಂದೆ ಒಂದು ಹಾಸ್ಯಚಿತ್ರ, ಸಂಗೀತಚಿತ್ರ ಮಾಡಿದರು. ಯುದ್ಧದಲ್ಲಿ ಪೋಲಿಷ್ ಸೈನ್ಯದ ಜೊತೆ ಇಟಲಿಗೆ ಹೋಗಿ ಮೊಂತೆ ಕಾಸಿನೊ ಕದನವನ್ನು ಚಿತ್ರೀಕರಿಸಿದರು. ಆಮೇಲೆ ಪೋಲೆಂಡಿನಲ್ಲಿ ನೆಲೆಸಲಿಲ್ಲ. ಇಟಲಿ, ಸ್ಪೇನ್‌ಗಳಲ್ಲಿ ರಾಜಕುಮಾರ ಅಂತ ಹೇಳಿಕೊಂಡು ಬದುಕಿದರು. 1961ರ 'ಎಲ್ ಸಿದ್' ಥರದ ದೊಡ್ಡ ಚಿತ್ರಗಳ ನಿರ್ಮಾಣದಲ್ಲಿದ್ದರು. 1965ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಹುಟ್ಟಿದ ಮನೆಯ ಭಾಷೆಯಲ್ಲಿ ಅವರು ಬಿಟ್ಟುಹೋದದ್ದು ಈ ಒಂದು ಸಿನಿಮಾ.

ಸಂಜೆ ಶೋ:

ನಿಮ್ಮೆಲ್ಲರ ಮಾತು ಓದಿ ನಿನ್ನೆ ರಾತ್ರಿ ಮತ್ತೆ ನೋಡಿದೆ. ಈ ಸಲ ಎದ್ದು ಹೋಗಲಿಲ್ಲ. ಗುರುವಿನ ಕೈ ನೋಡಿದೆ. ನೀವು ಹೇಳಿದ್ದು ಸರಿ. ನಿಧಾನ ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ಈಗ ಆ ನಿಧಾನ ನನಗೆ ಬೇಕಿತ್ತು ಅನ್ನಿಸಿತು. ಯಾವ ಪ್ರತಿ ನೋಡಬೇಕು ಅಂತ ಬೇರೆಯವರಿಗಾಗಿ ಹೇಳಿಬಿಡಿ. ನಾನು ಮೊದಲು ನೋಡಿದ್ದು ತುಂಬಾ ಮಸುಕಾಗಿತ್ತು, ಮಧ್ಯೆ ಮಧ್ಯೆ ಹಾರಿದ ಹಾಗೂ ಇತ್ತು.

ತುಂಗಾತೀರ:

ಕತ್ತರಿಸಿದ ಪ್ರತಿಗಳು ತುಂಬಾ ಓಡಾಡುತ್ತಿವೆ. ಪೂರ್ತಿ ಚಿತ್ರ ಎರಡು ಗಂಟೆಗೂ ಸ್ವಲ್ಪ ಜಾಸ್ತಿ. ಗಂಟೆ ಮುಕ್ಕಾಲಿಗೆ ಮುಗಿದರೆ ಅದು ಕತ್ತರಿಸಿದ್ದು ಅಂತ ತಿಳಿಯಿರಿ. ಬೋಸ್ಟನ್ ಹತ್ತಿರದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಸೆಂಟರ್ ಫಾರ್ ಜ್ಯೂಯಿಷ್ ಫಿಲ್ಮ್ ಅಂತ ಒಂದು ಸಂಸ್ಥೆ ಇದೆ. ಅವರು 1989ರಲ್ಲಿ ಇದನ್ನು ಸರಿಪಡಿಸಿ ಹೊಸ ಸಬ್‌ಟೈಟಲ್ ಹಾಕಿದರು. ಅಂಥದ್ದನ್ನೇ ಹುಡುಕಿ ನೋಡಿ. ಹೆಡ್‌ಫೋನ್ ಹಾಕಿಕೊಳ್ಳಿ. ಸಿರೋಟಾ ಹಾಡುವಾಗ ಗೊತ್ತಾಗುತ್ತದೆ ಯಾಕೆ ಅಂತ.

ಇನ್ನೊಂದು ಸಂಗತಿ. ಮೊನ್ನೆ ಪುಣೆಯ ಆ ರೂಮ್‌ಮೇಟ್‌ನ ನಂಬರ್ ಹುಡುಕಿ ಫೋನ್ ಮಾಡಿದೆ. ಹತ್ತು ವರ್ಷದಿಂದ ಮಾತಿರಲಿಲ್ಲ. "ಆ ಬುರುಡೆ ಪಿಕ್ಚರ್ ಸಿಕ್ತು ಕಣೋ" ಅಂದೆ. ಎರಡು ಕ್ಷಣ ಸುಮ್ಮನಿದ್ದು "ಕರೆಂಟ್ ಹೋಗಿತ್ತಲ್ಲ, ಅದಾ?" ಅಂದ. ಅವನ ತಲೆಯಲ್ಲೂ ಅದು ಅಲ್ಲೇ ನಿಂತಿತ್ತು. ಮುಂದೇನಾಯಿತು ಹೇಳು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ, ನೋಡು ಅಂದೆ. ಕರಿಕೋಟು ಮೇಡಂ ಹೇಳಿದ ನಾಟಕವನ್ನೂ ಓದು ಅಂದೆ.

ನಿನ್ನೆ ರಾತ್ರಿ ಒಂದೂವರೆಗೆ ಅವನ ಮೆಸೇಜ್ ಬಂತು. ಇಲ್ಲಿ ಅಷ್ಟು ವಿವರವಾಗಿ ತೀರ್ಪಿನ ಮಾತಾಡಿದೆವು, ಆದರೆ ಅದರ ಮುಂದಿನ ಒಂದು ಸಣ್ಣ ಸಂಗತಿಯನ್ನು ನಾವ್ಯಾರೂ ಹೇಳಲಿಲ್ಲ. ಅವನು ಅದನ್ನೇ ಹಿಡಿದಿದ್ದ. ಹಾಗೇ ಇಲ್ಲಿ ಹಾಕುತ್ತಿದ್ದೇನೆ.

"ನಾಟಕ ಮುಗಿಸಿದೆ ಕಣೋ. ಸೆಂಡರ್ ತೀರ್ಪಿಗೆ ಒಪ್ಪಿಕೊಂಡ. ಎಲ್ಲ ಮುಗಿಯಿತು ಅಂತ ಪರದೆ ತೆಗೆದರು. ಆದರೆ ಸತ್ತವನು ಆಮೆನ್ ಅಂದದ್ದು ಅಲ್ಲಿದ್ದ ಒಬ್ಬರಿಗೂ ಕೇಳಿಸಲಿಲ್ಲ, ನೋಡಿದ್ಯಾ?"